ಹದಿನಾರು ಲೀಟರ್

ಕುಡ್ತರಿ ಇಗರ್ಜಿ ಹಿಂದಿನ ಹಾಲಿನ್ಯಾಗ
ಐತವಾರದ ಪೂಜಿ ಮುಗಿಸಿ ಮಂದಿ ಕೂಡಿತ್ತು.
ಫ್ಯಾನು ಮೂರು, ತಿರಗೂದು ಒಂದು.
ಪೇರಿಸಿಟ್ಟ ಕುರ್ಚಿ ಸನೇಕ ನಾ ನಿಂತಿದ್ದೆ,
ಬರಾಕ ಹೇಳಿದ್ರು, ಕುಂಡ್ರಾಕ ಹೇಳಿದ್ದಿಲ್ಲ.

ಹನ್ನೆರಡು ವರ್ಷದಾಗ ಕೊಂಕಣಿ ಕಿವಿತನಕ ಬಂದೈತಿ,
ನಾಲಿಗಿಗೆ ಇನ್ನೂ ಪೂರಾ ಇಳಿದಿಲ್ಲ.

ಪಿಯೆದಾದ್ ಬಾಯಿ ಖಾಲಿ ಡಬ್ಬಿ ಮೇಜಿನ ಮ್ಯಾಲೆ ಕುಕ್ಕಿದಳು:
ನನ್ನ ಗದ್ದಿ ನೀರು ಕೆರಿಗೆ, ಕೆರಿ ನೀರು ನಿನ್ನ ಗದ್ದಿಗೆ,
ಯಾರು ಯಾರ ಮ್ಯಾಲೆ ಕೇಸ್ ಹಾಕೂದು ಹೇಳು.
ಅಂಗಡಿ ಪ್ರಭುದೇಸಾಯಿ ಸಮಾಧಾನದ ಮನಿಶ್ಯಾ.
ಉಪ್ಪಿಗಿಂತ ಸೌಮ್ಯ ಬಾಯಿ ಇದು, ಅಂದ.
ಹಂಗಾರ ನಿನ್ನ ಸಾರಿಗೆ ಒಂದು ಚಮಚಾ?
ಎಲ್ಲಾರೂ ನಕ್ಕರು. ಆತನೂ ನಕ್ಕ.
ಚಮಚಾ ಯಾರೂ ತರಲಿಲ್ಲ.

ಮಡಗಾಂವಿನ ವಕೀಲ ಹುಡುಗಿ, ಫುರ್ತಾದ್ ಅಂತ,
ಹೊರದೇಶದ ಮಾಲಿಯೊಬ್ಬನ ಕಥಿ ಹೇಳಿದಳು:
ಕಂಪನಿನ್ನ ಕೋರ್ಟಿಗೆ ಎಳೆದ, ಗೆದ್ದ,
ರೊಕ್ಕ ಬರೂದ್ರೊಳಗ ಅರ್ಧ ಆಗಿದ್ದ.
ಇಲ್ಲೂ ಕಾನೂನು ಐತಿ, ಲೈಸೆನ್ಸ್ ಇದ್ದವರಷ್ಟ ಹೊಡೀಬೇಕು.
ಹಾಲ್ ಒಂದು ಗಳಿಗಿ ನೆಲಾ ನೋಡಿತು.
ನನ್ನ ಕಿಸೆದಾಗ ಇದ್ದದ್ದು ಆಧಾರ ಕಾರ್ಡು,
ಕದಂಬ ಬಸ್ಸಿನ ಟಿಕೀಟು, ಸುಣ್ಣದ ಡಬ್ಬಿ.

ಮಿಂಗೆಲ್ ಬರೆಟ್ಟೊ ಎದ್ದ. ನಮ್ಮ ಧಣಿ, ಕೆಟ್ಟಾಂವಲ್ಲ,
ನನ್ನ ಮಗಳ ಕಿವಿ ಚುಚ್ಚಿಸಾಕ ರೊಕ್ಕ ಕೊಟ್ಟಾಂವ.
ಬಂದ್ ಮಾಡ್ರಿ, ಅಂದ. ನಾಳಿನಿಂದ ನೀವ ಬಂದು
ಬದುವಿನ ಮ್ಯಾಲೆ ಕುಕ್ಕರಗಾಲಲೆ ಕುಂಡ್ರಿರಿ,
ಕಳೆ ತಗಿಯೂ ಹೆಂಗಸರು ಎಲ್ಲಿ ಅದಾರ ಈಗ?

ಎಲ್ಲಿ ಅದಾರ ನನಗ ಗೊತ್ತೈತಿ.
ಒಬ್ಬಾಕಿ ನನ್ನ ಮನಿಯಾಗ ಅದಾಳ.
ನನ್ನ ಹೆಗಲಿಗೆ ಪಂಪು ಏರಿದ ವರ್ಷ
ದ್ಯಾಮವ್ವನ ಕುರ್ಪಿ ಮಾಡಕ್ಕ ಏರಿತು.
ಈಗ ಫಾತೊರ್ಡಾದ ಮೂರು ಫ್ಲ್ಯಾಟಿನ್ಯಾಗ ಭಾಂಡೆ ತಿಕ್ಕತಾಳ.
ಆರು ಮಂದಿ ಹೆಂಗಸರ ಎರಡು ದಿನದ ಕೆಲಸ
ನಾ ಒಂದು ಮುಂಜಾನಿ ಮುಗಸತೇನಿ.
ಲೆಕ್ಕ ಯಾರಿಗೆ ತಪ್ಪಿತು, ಯಾರಿಗೆ ಕೂಡಿತು,
ರಾತ್ರಿ ಇಬ್ಬರೂ ಮಾತಾಡೂದಿಲ್ಲ ಅದನ್ನ.

ಆಗ ಮಿಂಗೆಲ್ ನನ್ನ ಕಡೆ ಕೈ ಮಾಡಿದ:
ಅವನ್ನ ನೋಡ್ರಿ. ಹನ್ನೆರಡು ವರ್ಷ. ಏನಾಗೇತಿ ಅವಗ?

ಎಲ್ಲಾ ಕುರ್ಚಿ ಒಮ್ಮೆಲೆ ಕಿರ್ರ್ ಅಂದು ಹಿಂದ ತಿರುಗಿದವು.
ಅಷ್ಟು ಮಂದಿ ನನ್ನ ನೋಡಿದ್ದು ಅದ ಮೊದಲ.
ಉಗುರು ಕಾಣಬಾರದಂತ ಕೈ ಹಿಂದ ಕಟ್ಟಿಕೊಂಡೆ.

ಡಬ್ಬಿ ಕೊಳ್ಳಾಗ ಒಂದು ಚೀಟಿ ಕಟ್ಟಿರತಾರ,
ಎಂಟು ಮಡಿಕಿ, ಇರಿವಿಮರಿ ಅಕ್ಷರ.
ಹತ್ತಾರು ಭಾಷೆದಾಗ ನಮ್ಮದೂ ಒಂದು.
ಈ ಹಾಲಿನ್ಯಾಗ ಅದನ್ನ ಓದಬಲ್ಲಾಂವ ನಾನೊಬ್ಬನ:
ಗಾಳಿಗೆ ಎದುರಾಗಿ ಸಿಂಪಡಿಸಬಾರದು.
ಕೈಗವಸು ಧರಿಸತಕ್ಕದ್ದು.
ಧರಿಸತಕ್ಕದ್ದು!
ಇಷ್ಟು ಮರ್ಯಾದಿಲೆ ನನ್ನ ಕೂಡ
ನವಲಗುಂದದ ಸಾಲಿ ಮಾಸ್ತರೂ ಮಾತಾಡಿದ್ದಿಲ್ಲ.

ಪಿಯೆದಾದ್ ಬಾಯಿ ಕಣ್ಣು ಹೇಳು ಅಂತಿತ್ತು.
ಮಿಂಗೆಲನ ಕಣ್ಣೂ ಹೇಳು ಅಂತಿತ್ತು.
ಇಬ್ಬರಿಗೂ ನಾ ಬೇಕಾಗಿದ್ದೆ, ಪಾಪ,
ಒಬ್ಬರಿಗೆ ಗಟ್ಟಿಯಾಗಿ, ಒಬ್ಬರಿಗೆ ಸಡಿಲಾಗಿ.

ಕಾಂಯ್ ಜಾಂವ್ಕ್ ನಾ, ಅಂದೆ.
ಏನೂ ಆಗಿಲ್ರಿ.

ಚಪ್ಪಾಳಿ ಆತು ಅರ್ಧ ಕಡೆ.
ಕಾರ್ಯದರ್ಶಿ ಝುವಾಂವ್ ಬರಕೊಂಡ,
ಸಹಿ ಹಾಕು ಅಂತ ವಹಿ ನನ್ನ ಕಡೆ ಸರಿಸಿದ.
ಪೆನ್ನು ಹಿಡಿದೆ. ಕನ್ನಡದಾಗ ಬರೆದೆ:
ಎಡಗೈ ಮೂರು ಬೆರಳು ರಾತ್ರಿ ಜುಮ್ ಅಂತಾವು,
ಬೆಳಿಗ್ಗೆ ಗುಂಡಿ ಹಾಕಾಕ ಬರೂದಿಲ್ಲ,
ಯಾತಕ್ಕಂತ ನನಗೂ ಗೊತ್ತಿಲ್ಲ. ಮುದಕಪ್ಪ ಹುರಕಡ್ಲಿ.

ಝುವಾಂವ್ ಕನ್ನಡಕ ಏರಿಸಿ ನೋಡಿದ.
ಎಷ್ಟುದ್ದ ಹೆಸರೋ ನಿಂದು!
ಅಡ್ಡಹೆಸರೂ ಸೇರೇತ್ರಿ, ಅಂದೆ.

ಹೊರಗ ಬಂದಾಗ ಮಿಂಗೆಲ್ ಬೆನ್ನು ತಟ್ಟಿದ,
ಹದಿನಾರು ಲೀಟರ್ ಕುಂಡ್ರೂ ಜಾಗಾಕ್ಕ ಸರಿಯಾಗಿ.
ನಾಳೆ ಆರಕ್ಕ ಬಾ, ಅಂದ,
ಗಾಳಿ ಏಳೂದ್ರೊಳಗ.