ಎಳೆಯಬೇಡ

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ.
ಬೋರ್ಡಿನಲ್ಲಿ 'ಪಿಕೋ, ಫಾಲ್, ಕುಚ್ಚು' ಅಂತಿತ್ತು,
ಬಿಸಿಲಿಗೆ ಕೊಂಬುಗಳು ಹಾರಿಹೋಗಿ ಈಗ 'ಕಚ್ಚ'.
ಒಳಗೆ ನಾನು, ಮಿಷನ್ನು, ಬಾಬಿನ್.
ಬಾಬಿನ್ ಅಂದರೆ ಬೆಕ್ಕು.
ಮರಿಯಿದ್ದಾಗ ಬಾಬಿನ್ ಡಬ್ಬಿಯಲ್ಲಿ ಮಲಗುತ್ತಿತ್ತು;
ಈಗ ಮೂರೂವರೆ ಕಿಲೋ, ಡಬ್ಬಿ ಮರೆತಿಲ್ಲ.

ಬುಧವಾರ, ಹನ್ನೊಂದೂ ಕಾಲು.
ಗಾಡಿಕೊಪ್ಪದ ಮದುವೆ ಹುಡುಗಿಯ ರವಿಕೆ ತೋಳಿಗೆ
ಗಿಣಿಹಸಿರು ದಾರದಲ್ಲಿ ಮಣಿ ಕೂರಿಸುತ್ತಿದ್ದೆ.
ಅವಳದೇ ಫೋನು. ಸೂಜಿಯನ್ನು ದಾರದ ಸಮೇತ ಮಣೆಯ ಮೇಲಿಟ್ಟು
'ಸಂಜೆಗೆ ಕೊಡ್ತೀನಿ ಕಣಮ್ಮ' ಅಂದೆ.
ಅಷ್ಟು ಮಾತಿಗೆ ಎಷ್ಟು ಹೊತ್ತು ಬೇಕು?

ತಿರುಗಿದರೆ ಸೂಜಿ ಇಲ್ಲ.
ಬಾಬಿನ್ ಕತ್ತು ಚಾಚಿ ನುಂಗುತ್ತಿದೆ, ಮತ್ತೆ ನುಂಗುತ್ತಿದೆ,
ಬಾಯಂಚಿನಲ್ಲಿ ಗೇಣುದ್ದ ಗಿಣಿಹಸಿರು.

ದಾರದ ತುದಿ ಕಂಡರೆ ಎಳೆಯುವುದೇ ನನ್ನ ಕಸುಬು.
ಇಪ್ಪತ್ತೆರಡು ವರ್ಷ ಇದೇ: ಎಳೆ, ಬಿಗಿ, ಗಂಟು, ಕತ್ತರಿ.
ಕೈ ತಾನೇ ಹೋಯಿತು. ಬೆರಳಿಗೆ ದಾರ ಸಿಕ್ಕಿತು, ಒದ್ದೆ.
ಆಚೆ ತುದಿಯಲ್ಲಿ ಏನೋ ತಡೆಯಿತು.
ತಪ್ಪು ಹೊಲಿಗೆ ಬಿಚ್ಚುವಾಗ, ಬಟ್ಟೆ ಹರಿಯುವ ಮುಂಚೆ
ಒಂದು ತಡೆ ಬರುತ್ತದಲ್ಲ, ಅದು.
ಬಟ್ಟೆಯಾದರೆ ತೇಪೆ ಹಾಕಬಹುದು.
ಬಿಟ್ಟೆ.

ಬ್ಯಾಟರಿ ಅಂಗಡಿಯ ಲಾರೆನ್ಸಣ್ಣ 'ಬಾಳೆಹಣ್ಣು ತಿನ್ಸಿ' ಅಂದರು.
ಮಹಡಿಯ ಜಲಜಾಕ್ಷಿ ತುಪ್ಪದ ಗಿಂಡಿ ಹಿಡಿದೇ ಇಳಿದರು.
ಉಪ್ಪುನೀರು ಕುಡಿಸಿ ಕಕ್ಕಿಸಿ, ಕಾಲು ಹಿಡಿದು ತಲೆಕೆಳಗು ಮಾಡಿ,
ಬಾಯಿಗೊಂದು ವೈದ್ಯ.
'ಯಾರೂ ಮುಟ್ಟಬೇಡಿ' ಅಂದೆ; ಆ ದನಿ ನನಗೇ ಹೊಸದು.
'ಬೆಕ್ಕಿಗೆ ಚೆಲ್ಲಾಟ' ಅಂತ ಯಾರೋ ಶುರು ಮಾಡಿದರು,
ಉಳಿದರ್ಧ ಯಾರ ಬಾಯಲ್ಲೂ ಬರಲಿಲ್ಲ.

ಪಿಕೋಗೆ ಬಂದ ಯಾರದೋ ದುಪಟ್ಟಾದಲ್ಲಿ ಸುತ್ತಿದೆ,
ಮೂತಿ ಹೊರಗೆ, ದಾರದ ತುದಿ ಹೊರಗೆ.
'ಗುಂಡಿ ತಪ್ಪಿಸಿ ಹೋಗು ಮಾರಾಯ' ಅಂದರೆ ಆಟೋ ಮುನೀರ,
'ಎಲ್ಲಾ ಗುಂಡಿ ತಪ್ಪಿಸಿದ್ರೆ ಭದ್ರಾವತಿ ಸೇರ್ತೀವಿ ಅಕ್ಕಾ' ಅಂದ.
ಆಗ ನಗಲಿಲ್ಲ. ಈಗ ಬರೆಯುವಾಗ ನಗು ಬರುತ್ತಿದೆ.

ಪಶು ಆಸ್ಪತ್ರೆಯ ಸಾಲಿನಲ್ಲಿ ಕೆಚ್ಚಲು ಬಾತ ಎಮ್ಮೆ,
ಕೋಳಿ ಅವುಚಿಕೊಂಡ ಸ್ಕೂಲು ಹುಡುಗ.
ಡಾಕ್ಟರು ಚಿಕ್ಕ ವಯಸ್ಸಿನವಳು, ಕೋಟಿನ ಗುಂಡಿಯೊಂದು ನೇತಾಡುತ್ತಿತ್ತು.
'ಎಳೆದ್ರಾ?'
'ಇಲ್ಲ.'
'ಏನಾದ್ರೂ ತಿನ್ನಿಸಿದ್ರಾ?'
'ಇಲ್ಲ.'
'ಒಳ್ಳೇದಾಯ್ತು. ಎಳೆದ್ರೆ ಕರುಳು ನಿರಿಗೆ ಬೀಳುತ್ತೆ, ದಾರ ಅದನ್ನ ಕೊಯ್ಯುತ್ತೆ.'
ನಿರಿಗೆ! ದಿನಾ ನಾನು ಹಿಡಿಯುವುದೂ ಅದನ್ನೇ.
'ಇದರ ನಾಲಗೆ ತುಂಬ ಮುಳ್ಳು,' ಅಂದಳು, 'ಎಲ್ಲಾ ಒಳಮುಖ.
ದಾರ ಸಿಕ್ಕಿದ್ರೆ ಉಗುಳೋಕೆ ಬರಲ್ಲ ಪಾಪ.'
ಇಷ್ಟು ವರ್ಷ ನನ್ನ ಮೊಣಕೈ ನೆಕ್ಕಿದ್ದು ಆ ಮುಳ್ಳೇ.

ಎಕ್ಸ್‌ರೇ ಬೆಳಕಿನಲ್ಲಿ ಬಾಬಿನ್‌ನ ಒಳಗು:
ಮಸುಕು ಪಕ್ಕೆಲುಬು, ಅದರ ಕೆಳಗೆ ನೇರ ಒಂದು ಬಿಳಿಗೆರೆ.
ಹನ್ನೊಂದನೇ ನಂಬರು. ಗುರುತು ಹಿಡಿದೆ.
ಕಳೆದ ಸೂಜಿಗಳೆಲ್ಲ ನೆನಪಾದವು,
ಹುಡುಕದೆ, ಬೇರೆಯದು ತೆಗೆದು, ಹೊಲಿಗೆ ಮುಂದುವರಿಸಿದ ದಿನಗಳು.

ಸಂಜೆ ಗಾಡಿಕೊಪ್ಪದ ಫೋನು ಮೂರು ಸಲ. ತೆಗೆಯಲಿಲ್ಲ.

ನಾಲ್ಕನೇ ದಿನ ಕಳಿಸಿದರು. ಬೋಳಿಸಿದ ಹೊಟ್ಟೆಯ ಮೇಲೆ ಏಳು ಹೊಲಿಗೆ.
ಒಳ್ಳೆಯ ಕೈ. ಐದನೆಯದು ಮಾತ್ರ ಕೊಂಚ ಓರೆ,
ನಾನಾಗಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ.
ಹೇಳಲಿಲ್ಲ. ಅವಳ ಕೋಟಿನ ಗುಂಡಿ ಗಟ್ಟಿ ಮಾಡಿಕೊಟ್ಟೆ,
ಅಲ್ಲೇ, ನಿಂತೇ, ಹಲ್ಲಿನಲ್ಲಿ ದಾರ ಕಡಿದು.
ಚೂರೊಂದು ನಾಲಗೆಗೆ ಅಂಟಿತು. ಬೆರಳಿಂದ ತೆಗೆದು
ಮುಷ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದೆ.

ಈಗ ಷಟರ್ ಎಳೆಯುವ ಮುಂಚೆ ಎಣಿಸುತ್ತೇನೆ.
ಹದಿನಾಲ್ಕು ಇರಬೇಕು. ಹದಿಮೂರು.
ಡಬ್ಬಿಯ ಮೇಲೆ ಕೂತ ಬಾಬಿನ್ ಕಣ್ಣು ಕಿರಿದು ಮಾಡಿ ನೋಡುತ್ತದೆ.
ಮತ್ತೆ ಎಣಿಸುತ್ತೇನೆ.
ಒಂದು ನನ್ನ ಸೆರಗಿನಲ್ಲೇ ಇರುತ್ತದೆ, ಹೆಚ್ಚಿನ ದಿನ.