ಅಂಗೈಯಗಲ ಬಟ್ಟೆ

ನಲವತ್ತು ವರ್ಷ ಕುತಾಯಿಸಿಯ ನಾಟಕಶಾಲೆಗೆ
ರಾಜರ ನಿಲುವಂಗಿ ಹೊಲಿದವಳು ನಾನು.
ಒಂದೊಂದಕ್ಕೂ ಒಂಬತ್ತು ಗಜ ಮಖಮಲ್ಲು.
ಒಳಗೆ ಸೊರಗಿದ ನಟ ಯಾರಿಗೂ ಕಾಣಬಾರದು, ಅದೇ ಕಸುಬು.

ಈಗ ತಂಗಿಯ ಮಗ ಮಾಲ್ಖಾಜ್ ಬಂದು ನಿಂತಿದ್ದಾನೆ.
ಅಂಗೈಯಗಲ ಬಟ್ಟೆಯಲ್ಲಿ ಒಂದು ಚಡ್ಡಿ ಬೇಕಂತೆ,
ಕಡುನೀಲಿ, ಹೊಳಪಿನದು,
ಒಂದು ನೂಲೂ ಹೆಚ್ಚು ಮುಚ್ಚಬಾರದಂತೆ.

ಟೇಪು ಹಿಡಿದೆ. ತೊಡೆ ಅರವತ್ತೊಂದು.
ನಡು ಎಪ್ಪತ್ತನಾಲ್ಕು; ಹೋದ ವಾರ ಎಪ್ಪತ್ತಾರಿತ್ತು.
"ಎಲ್ಲಿ ಹೋಯಿತೋ ಎರಡು ಸೆಂಟಿಮೀಟರು?"
ನಕ್ಕ. ತುಟಿ ಒಡೆದಿತ್ತು.

ಅವನು ರೊಟ್ಟಿ ಸುಡುವವನು.
ಬೆಳಗಿನ ನಾಲ್ಕಕ್ಕೆ ಒಲೆಯ ಬಾಯೊಳಗೆ ಅರ್ಧ ಮೈ ಇಳಿಸಿ
ದೋಣಿಯಂಥ ಹಿಟ್ಟನ್ನು ಬಿಸಿಗೋಡೆಗೆ ಬಡಿಯುವವನು.
ದಿನಕ್ಕೆ ಮುನ್ನೂರು. ಹದಿನಾಲ್ಕು ವಾರದಿಂದ
ಒಂದು ಚೂರೂ ಬಾಯಿಗೆ ಹಾಕಿಲ್ಲ.
ಮುರಿದದ್ದನ್ನು ನಾಯಿಗೆ ಎಸೆಯುವಾಗ
ಮುಖ ಆಚೆ ತಿರುಗಿಸುತ್ತಾನೆ, ಅಂದಳು ತಂಗಿ.

ನನ್ನ ಗಂಡ ಬೊಂದೋ ಹಳೆಯ ಕುಸ್ತಿಯಾಳು.
ಎರಡೂ ಕಿವಿ ಉಂಡೆಗಟ್ಟಿವೆ,
ಎಡಗಿವಿಗೆ ನನ್ನ ಮಾತು ಕೇಳುವುದಿಲ್ಲ, ಅಥವಾ ಹಾಗಂತಾನೆ.
"ಎದುರಾಳಿ ಎಲ್ಲಿ?" ಅವನ ತಕರಾರು.
"ಯಾರದೋ ಬೆನ್ನಿಗೆ ಮಣ್ಣು ಹತ್ತಬೇಕು, ಆಗ ಅದು ಪಂದ್ಯ.
ಎಣ್ಣೆ ಸವರಿಕೊಂಡು ನಿಂತರಾಯಿತೇ?
ಸಂತೆಯಲ್ಲಿ ಎತ್ತೂ ನಿಲ್ಲುತ್ತದೆ, ಹಲ್ಲು ತೋರಿಸಿಕೊಂಡು."

ಸೂಜಿಗೆ ದಾರ ಪೋಣಿಸುತ್ತಾ ಕೇಳಿದೆ:
ಮೂರು ತಾಸು ಕೂತಲ್ಲೇ ಕೂತು
ಆನೆ ಕುದುರೆ ದೂಡುವವರಿಗೆ ಪದಕ ಕೊಡುತ್ತೀರಲ್ಲ?
ಐಸಿನ ಮೇಲೆ ಗಿರಕಿ ಹೊಡೆವ ಹುಡುಗಿಗೂ
ಅಂಕ ಬರುವುದು ನೋಡುವವರ ಕಣ್ಣಿಂದಲೇ ಅಲ್ಲವೇ?
"ಅವಳು ಬೀಳಬಹುದು," ಅಂದ ಬೊಂದೋ.
ಒಳ್ಳೆಯ ಮಾತು. ಗಂಟು ಹಾಕಿ ದಾರ ಕಡಿದೆ.

ಫೆಬ್ರವರಿ. ಹಳೆಯ ಸಂಸ್ಕೃತಿ ಭವನ. ಹೀಟರು ಕೆಟ್ಟಿತ್ತು.
ಪರದೆಯ ಹಿಂದೆ ಹನ್ನೊಂದು ಹುಡುಗರು,
ಬಣ್ಣ ಆರಲೆಂದು ತೋಳು ಅಗಲಿಸಿ
ಮಳೆಯಲ್ಲಿ ನೆಂದ ನೀರುಕಾಗೆಗಳ ಹಾಗೆ.
ಮಾಲ್ಖಾಜನಿಗೆ ನಾನೇ ಬಳಿದೆ.
ಮುಂಗೈಯ ಸುಟ್ಟ ಕಲೆಗಳ ಮೇಲೆ ಮಾತ್ರ ಹತ್ತಲಿಲ್ಲ.
ನಿನ್ನೆಯಿಂದ ನೀರು ಬಾಟಲಿಯ ಮುಚ್ಚಳದಲ್ಲಿ, ಎಣಿಸಿ.
ಆರನೆಯದು ನನ್ನ ಕೈಯಲ್ಲಿತ್ತು;
ಒಂದು ಹನಿ ಚೆಲ್ಲಿತು, ಅವನ ಕಣ್ಣು ಅದರ ಹಿಂದೆಯೇ ನೆಲಕ್ಕಿಳಿಯಿತು.

ಬೆನ್ನು ತೋರಿಸಿ ಅಂದರು.
ತೆರೆದುಕೊಂಡಿತು. ನನ್ನ ಯಾವ ರಾಜನೂ
ನಿಲುವಂಗಿಯನ್ನು ಹಾಗೆ ಬಿಚ್ಚಿರಲಿಲ್ಲ.
ಆಗ ಬಲಗಾಲು ಹಿಡಿದುಕೊಂಡಿತು.
ಮೀನಖಂಡದ ಮೀನು ಚರ್ಮದಡಿ ಒದ್ದಾಡಿತು.
ತಿರುಗಿ ನಿಂತಾಗ ನಗು ಹಾಗೇ ಇತ್ತು,
ನಾನು ಹೊಲಿದು ಕೂರಿಸಿದಂತೆ.

ಪಕ್ಕದಲ್ಲಿ ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಬೊಂದೋ
ನಿಲ್ಲಿಸಿದ. ಮುಂದಕ್ಕೆ ಬಾಗಿದ.
ಅವನ ಭುಜ ತಾನೇ ಎಡಕ್ಕೆ ವಾಲಿತು,
ಮೇಲೆ ಬಿದ್ದವನನ್ನು ಕೊಡವಿ ಏಳುವವನ ಹಾಗೆ.
"ಬಿಡಬೇಡ," ಅಂದ.
ಯಾರಿಗೆ ಅಂದನೋ.

ನಾಲ್ಕನೇ ಸ್ಥಾನ. ಒಂದು ಕಾಗದ, ಒಂದು ಡಬ್ಬಿ ಪುಡಿ.
ಮೂರನೆಯವನಿಗೂ ಇವನಿಗೂ ಏನು ಅಂತರ?
ತೀರ್ಪುಗಾರರಲ್ಲಿ ಒಬ್ಬ ಹಲ್ಲಿನ ವೈದ್ಯ,
ಅವನಿಗೇನಾದರೂ ಕಂಡಿರಬೇಕು.

ರಿಯೋನಿ ಸೇತುವೆ ದಾಟುವವರೆಗೂ ಬೊಂದೋ ಸುಮ್ಮನಿದ್ದ.
ಆಮೇಲೆ, "ಆದರೂ ಅದು ಆಟ ಅಲ್ಲ.
ಆಟದಲ್ಲಿ, ಮುಗಿದ ಮೇಲೆ
ಎದುರಾಳಿ ತನ್ನ ಮನೆಗೆ ಹೋಗುತ್ತಾನೆ."

ಹಿಂದಿನ ಸೀಟಿನಲ್ಲಿ ಮಾಲ್ಖಾಜ್
ತನ್ನದೇ ಒಲೆಯ ರೊಟ್ಟಿಯ ತುದಿ ಮುರಿದು
ಬಾಯಲ್ಲಿಟ್ಟುಕೊಂಡು ಕೂತಿದ್ದ, ಜಗಿಯದೆ, ಕಣ್ಣು ಮುಚ್ಚಿ.
ರೊಟ್ಟಿಯ ಮೇಲೆ ಐದು ಕಂದು ಬೆರಳು.
ಸೀಟಿಗೆ ಹತ್ತಿದ ಬಣ್ಣ
ಮೂರು ಸಲ ಸೋಪು ಹಾಕಿ ಉಜ್ಜಿದ್ದೇನೆ,
ಇನ್ನೂ ಹೋಗಿಲ್ಲ.