ಬಳಕೆಯಲ್ಲಿದೆಯೇ?

ನಾನೂರ ಹನ್ನೆರಡು ಚಪ್ಪಡಿ.
ಕಾಂಕ್ರೀಟಿನವು, ದುಂಡಗೆ, ನಡುವೆ ತೂತು,
ಪಾಯಿಖಾನೆಯ ಗುಂಡಿಯ ಮೇಲೆ ಕೂರಿಸಲು.
ಪಟ್ಟಿ ನನ್ನ ತೊಡೆಯ ಮೇಲೆ; ಬಿಜೆಕ್‌ನ ಮೋಟರ್‌ಸೈಕಲ್ಲು
ಶಿರೆ ನದಿ ಬಿಟ್ಟುಹೋದ ಕೆಸರಿನ ಬಿರುಕುಗಳ ಮೇಲೆ
ಎತ್ತೆತ್ತಿ ಹಾಕುತ್ತ ಹೋಗುತ್ತಿತ್ತು.
ಪ್ರತಿ ಚಪ್ಪಡಿಗೂ ಒಂದೇ ಪ್ರಶ್ನೆ: ಬಳಕೆಯಲ್ಲಿದೆಯೇ?
ಹೌದು. ಇಲ್ಲ.
ಎರಡೇ ಚೌಕ.

ಮೊದಲನೆಯದರ ಮೇಲೆ ಜೋಳ ಒಣಗುತ್ತಿತ್ತು.
ಎರಡನೆಯದರ ಮೇಲೊಂದು ಮೇಕೆ,
ನ್ಯಾಯ ಹೇಳಲು ಬಂದ ಯಜಮಾನನ ಗತ್ತಿನಲ್ಲಿ ನಿಂತು
ನನ್ನನ್ನೇ ಮೌಲ್ಯಮಾಪನ ಮಾಡಿತು.
ಮೂರನೆಯದು ಬಟ್ಟೆ ಒಗೆಯುವ ಕಲ್ಲು.
"ತೂತಿರೋದು ಒಳ್ಳೇದೇ, ನೀರು ನಿಲ್ಲೋದಿಲ್ಲ"
ಎಂದು ನಮ್ಮ ಎಂಜಿನಿಯರನ್ನು ಮನಸಾರೆ ಹೊಗಳಿದಳು ಎನೆಲೆಸಿ.
ಬಿಜೆಕ್ ನಕ್ಕ. ನಾನೂ ನಕ್ಕೆ.
ಇಲ್ಲ, ಇಲ್ಲ, ಇಲ್ಲ.
ನಾಲ್ಕನೆಯದು ಪಾಯಿಖಾನೆಯೇ. ಬಾಗಿಲಿಗೆ ನಮ್ಮದೇ ಟಾರ್ಪಾಲು,
ಮೂಲೆಯಲ್ಲಿ ಡಬ್ಬದ ತುಂಬ ಬೂದಿ.
ಹೌದು ಎಂದು ಗೀಚುವಾಗ
ಖುಷಿಗೆ ಕಾಗದ ಹರಿಯಿತು.

ಎಂಬತ್ತೇಳನೆಯದು
ಬವೊಬಾಬ್ ಮರದಾಚೆ, ಎತ್ತರದ ನೆಲದಲ್ಲಿ.
ಫೈನೆಸಿ ಮುಂದೆ ನಡೆದಳು. ಮಾತಿಲ್ಲ.
ಹುಲ್ಲು ಕಿತ್ತು ಗುಡಿಸಿದ ಎರಡು ಮೊಳ ಜಾಗ,
ಅದರ ಮೇಲೆ ನಮ್ಮ ಚಪ್ಪಡಿ.
ತೂತಿಗೆ ಮಣ್ಣು ಮೆತ್ತಿ,
ಮಣ್ಣಿನಲ್ಲಿ ತಗಡಿನ ಬಟ್ಟಲೊಂದನ್ನು ಬೋರಲು ಒತ್ತಿದ್ದರು.

"ಹಳೇ ಮಸಣ ನೆರೆಗೆ ಕೊಚ್ಚಿಹೋಯ್ತು.
ಇಲ್ಲಿ ಕತ್ತೆಕಿರುಬಗಳು ಅಗೀತಾವೆ.
ನಾಲ್ಕು ತಿಂಗಳು ಮುಳ್ಳು ಹೇರಿ ಕಾದ್ವಿ.
ಇದು ಭಾರ ಇತ್ತು. ಉಪಕಾರ ಆಯ್ತು."

ಮಗು ಹೋದದ್ದು ಮಾರ್ಚ್‌ನಲ್ಲಿ, ವಾಂತಿಭೇದಿಗೆ.
ಚಪ್ಪಡಿ ಬಂದದ್ದು ಜುಲೈನಲ್ಲಿ.
ಹೆಸರು ಸೆಕಾನಿ. ನಗಿರಿ ಎಂದರ್ಥ.

ಪೆಪಾನಿ ಎಂದೆ.
ನಮ್ಮ ಮಾತಿನಲ್ಲಿ ಅದು ಕ್ಷಮಿಸಿ ಎಂದೂ ಆಗುತ್ತದೆ,
ಅಯ್ಯೋ ಪಾಪ ಎಂದೂ.
ಯಾವುದನ್ನು ಹೇಳಿದೆನೋ ನನಗೇ ತಿಳಿಯಲಿಲ್ಲ.
ಅವಳು ಪಟ್ಟಿಯತ್ತ ಬಗ್ಗಿ ನೋಡಿ ಕೇಳಿದಳು:
"ಏನಂತ ಬರೀತೀಯ?"

ಲಿಲೊಂಗ್ವೆಯಲ್ಲಿ, ಯೋಜನೆಗಳ ಮುಖ್ಯಸ್ಥ ಕಾನ್ವೆಲ್.
ಕೆಟ್ಟವನಲ್ಲ; ನೆರೆಯಲ್ಲಿ ಎದೆಮಟ್ಟದ ನೀರಿಗಿಳಿದು
ಹಿಟ್ಟಿನ ಚೀಲ ಹೊತ್ತವನು.
ನನ್ನ ವರದಿ ಮೊದಲು ಅವನ ಮೇಜಿಗೆ, ಆಮೇಲೆ ಮೇಲಕ್ಕೆ.
ಪದ್ಧತಿ ಹಾಗೆ:
ಅಡುಗೆ ಮಾಡಿದವನೇ ಉಪ್ಪು ನೋಡಿ
ಉಣ್ಣುವವರ ಪರವಾಗಿ ತೇಗಿಬಿಡುವ ಪದ್ಧತಿ.
'ತಡವಾಯಿತು' ಎಂಬಲ್ಲಿ 'ಪೂರೈಕೆಯಲ್ಲಿ ಕೆಲವು ಸವಾಲುಗಳು'.
'ಗೋರಿ' ಎಂಬಲ್ಲಿ 'ಪರ್ಯಾಯ ಬಳಕೆ'.
ತಿದ್ದುತ್ತ ತಿದ್ದುತ್ತ ಅವನ ಎಡಗೈ ಒಮ್ಮೆ
ತನ್ನ ಹೆಗಲನ್ನು ಒರೆಸಿಕೊಂಡಿತು,
ಕುಂಬಳಕಾಯಿಯ ಬೂದಿಯೇನೂ ಅಲ್ಲಿರಲಿಲ್ಲ.
"ದುಡ್ಡು ಕೊಡೋರು ಹೆದರಿ ಓಡಿದ್ರೆ
ಮುಂದಿನ ನೆರೆಗೆ ಚೀಲ ಎಲ್ಲಿಂದ ತರ್ತೀಯ?"
ನನ್ನಲ್ಲಿ ಉತ್ತರವಿರಲಿಲ್ಲ.
ಈಗಲೂ ಇಲ್ಲ.

ಆ ರಾತ್ರಿ ಕರೆಂಟು ಹೋಗಿತ್ತು. ಫೋನಿನ ಬೆಳಕಿನಲ್ಲೇ
ಆಡಳಿತ ಮಂಡಳಿಗೆ ಬರೆದೆ:
ಅಳೆಯುವವರು ಅಳತೆಗೆ ಸಿಕ್ಕವರ ಕೈಕೆಳಗಿರುವುದು ಬೇಡ.
ವರದಿ ನೇರ ನಿಮಗೇ ಬರಲಿ, ತಿದ್ದದೆ, ಹಸಿಯಾಗಿ.
ನಮ್ಮ ಪಾಲಿನ ಹಣ, ಚಿಲ್ಲರೆಯಾದರೂ ಸರಿ, ಬೇರೆ ಗಂಟಿನಲ್ಲಿರಲಿ.
ಮತ್ತೆ, ನಮೂನೆಗೆ ಎರಡು ಕಾಲಂ ಸೇರಿಸಿ:
ಯಾವಾಗ ಬೇಕಿತ್ತು?
ಯಾವಾಗ ಬಂತು?

ಎಂಟು ತಿಂಗಳಿಗೆ ಉತ್ತರ ಬಂತು.
ಕಾಲಂಗಳಿಗೆ ಒಪ್ಪಿಗೆ.
ಉಳಿದದ್ದು ಪರಿಶೀಲನೆಯಲ್ಲಿದೆ.
ಕಾನ್ವೆಲ್ ನನ್ನೊಡನೆ ಮಾತು ಬಿಟ್ಟಿದ್ದಾನೆ,
ಆದರೆ ಹೊಸ ನಮೂನೆಯ ಮೊದಲ ಕಟ್ಟನ್ನು
ತಾನೇ ಹೊತ್ತು ತಂದು ನನ್ನ ಬಾಗಿಲಲ್ಲಿಟ್ಟು ಹೋದ.

ಹಳೆಯ ಪಟ್ಟಿಯ ಎಂಬತ್ತೇಳನೆಯ ಸಾಲು
ಕಂಪ್ಯೂಟರಿನಲ್ಲಿ ಇಂದಿಗೂ ಕೆಂಪಗಿದೆ.
ಉತ್ತರ ಅಪೂರ್ಣ, ಒಂದು ಚೌಕವನ್ನು ಆರಿಸಿ, ಎನ್ನುತ್ತದೆ.
ಬಳಕೆಯಲ್ಲಿದೆ.
ದಿನಾ ಗುಡಿಸುತ್ತಾರೆ.